ಬಾಡಿಗೆ ಮನೆಯ ಪುಟ್ಟ ಸೇಬು

(ಭಾಗ 6. ಹಿಂದಿನ ಐದು ಓದದಿದ್ರೂ ಪರವಾಗಿಲ್ಲ, ಇದು ಬರೀ ಒಂದು ಮರದ ಕಥೆ.)

"ಬಾಡಿಗೆ ಮನೇಲಿ ಯಾರಾದ್ರೂ ಮರ ನೆಡ್ತಾರೇನೇ?"

ಹೋದ ವರ್ಷಕ್ಕೂ ಹಿಂದಿನ ಡಿಸೆಂಬರ್‌ನಲ್ಲಿ ವೀಡಿಯೋ ಕಾಲ್‌ ಮಾಡಿದ್ದಾಗ ಅಮ್ಮ ಕೇಳಿದ್ದು. ನಾನು ಲೀಡ್ಸ್‌ನ ನಮ್ಮ ಮನೆ ಹಿತ್ತಲಲ್ಲಿ ಗುಂಡಿ ತೋಡ್ತಾ ಇದ್ದೆ. ಹಿತ್ತಲು ಅಂದ್ರೆ ಏಳು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ, ಅದರಲ್ಲೇ ಮೂರು ಕಸದ ಡಬ್ಬ.

ನೆಟ್ಟಿದ್ದು ಕ್ರ್ಯಾಬ್ ಆ್ಯಪಲ್. (ಏಡಿ ಸೇಬಾ ಅಂತ ನಗಬೇಡಿ, ನಾನೂ ನಕ್ಕಿದ್ದೆ.) ಸೇಬಿನ ಜಾತಿಯದ್ದೇ, ಆದರೆ ಜಾಸ್ತಿ ಹೂವಿನ ಚೆಂದಕ್ಕೆ ಬೆಳೆಸ್ತಾರೆ. ಹಣ್ಣು ಚೆರ್ರಿ ಟೊಮ್ಯಾಟೊ ಗಾತ್ರ, ಕಣ್ಣು ಮುಚ್ಚೋಷ್ಟು ಹುಳಿ. ಇಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಗಿಡ ಎಲೆ ಉದುರಿಸಿ ಮಲಗಿರುವಾಗ, ಮಣ್ಣಿಲ್ಲದೆ ಬರೀ ಬೇರಿನ ಸಮೇತ ಮಾರ್ತಾರೆ. ನನಗೆ ಬಂದಿದ್ದೂ ಅಂಥದ್ದೇ ಒಂದು ಕೋಲು. ಚೀಟಿಯಲ್ಲಿ 'ಎಂ9' ಅಂತಿತ್ತು. ಮರವನ್ನ ಕುಳ್ಳಗೆ ಇಡೋ ಬೇರು ಅದು, ಅದರ ಮೇಲೆ ಕಸಿ ಕಟ್ಟಿರ್ತಾರೆ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಬೆಳೆದ ಅಮ್ಮಂಗೆ ಕಸಿ ಬಗ್ಗೆ ನಾನು ಹೇಳಿಕೊಡಬೇಕಾ? ಬೈತಾ ಬೈತಾನೇ, "ಕಸಿ ಗಂಟು ಮಣ್ಣೊಳಗೆ ಮುಚ್ಚಬೇಡ" ಅಂದ್ರು.

ಎಂ9 ಬೇರು ಗಟ್ಟಿಯಲ್ಲ, ಮರಕ್ಕೆ ಜೀವನಪೂರ್ತಿ ಊರುಗೋಲು ಬೇಕು. ನಾನು ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿ ಮರೆತೆ. ಹೋದ ವರ್ಷ ಆಗಸ್ಟ್, ಡಿಸರ್ಟೇಶನ್ ಬರೆಯೋ ಗಲಾಟೆಯಲ್ಲಿ ಮೂರು ವಾರ ಹಿತ್ತಲ ಬಾಗಿಲೇ ತೆಗೆದಿರಲಿಲ್ಲ. ಆಮೇಲೆ ಹೋಗಿ ನೋಡಿದ್ರೆ ಕಾಂಡ ದಪ್ಪ ಆಗಿ ಹಗ್ಗ ತೊಗಟೆಯೊಳಗೆ ಹೂತುಕೊಂಡಿದೆ. ಅಡುಗೆಮನೆ ಕತ್ತರಿಯಲ್ಲಿ ಕತ್ತರಿಸುವಾಗ ಅಳು ಬಂತು. ಆ ಗಾಯದ ಗುರುತು ಈಗಲೂ ಇದೆ, 3ನೇ ಫೋಟೋ ನೋಡಿ.

ಈ ಏಪ್ರಿಲ್ ಕೊನೆ ವಾರ ಅದೇ ಮರದಲ್ಲಿ ಮೊಗ್ಗು. ಮೊಗ್ಗು ಕಡು ಗುಲಾಬಿ, ಬಿರಿದ್ರೆ ಬಿಳಿ. ದಿನಕ್ಕೆರಡು ಕೆಲಸದ ರಿಜೆಕ್ಷನ್ ಮೇಲ್ ಬರ್ತಿದ್ದ ವಾರ ಅದು. ಬೆಳಿಗ್ಗೆ ಮೊದಲು ಹಿತ್ತಲು, ಆಮೇಲೆ ಮೇಲ್ ಅಂತ ನಿಯಮ ಮಾಡಿಕೊಂಡಿದ್ದೆ.

ಅಕ್ಟೋಬರ್‌ನಲ್ಲಿ ನಲವತ್ತೊಂದು ಹಣ್ಣು. ಇಲ್ಲಿನವರು ಜೆಲ್ಲಿ ಮಾಡ್ತಾರೆ, ಪೆಕ್ಟಿನ್ ಜಾಸ್ತಿ, ತಾನಾಗೇ ಗಟ್ಟಿಯಾಗುತ್ತೆ. ನಾನು ಬೀಜ ತೆಗೆದು, ಮೆಂತ್ಯ-ಸಾಸಿವೆ ಪುಡಿ ಹಾಕಿ ಉಪ್ಪಿನಕಾಯಿ ಮಾಡಿದೆ. ಚೆನ್ನಾಗೇ ಬಂತು, ನಿಜವಾಗ್ಲೂ.

ಮುಂದಿನ ತಿಂಗಳು ಮನೆ ಬಿಟ್ಟು ಊರಿಗೆ ವಾಪಸ್. ಹೌದು, ಕೆಲಸ ಸಿಗಲಿಲ್ಲ. ಕ್ಲಾಸಿನ ಗ್ರೂಪ್‌ನಲ್ಲಿ ಇನ್ನೂ ಹೇಳಿರಲಿಲ್ಲ, ಇಲ್ಲೇ ಹೇಳ್ತಿದ್ದೀನಿ. ಮರ ಬರಲ್ಲ. ವಾರಗಟ್ಟಲೆ ಗಟ್ಟಿ ಚಳಿ ಇಲ್ಲದಿದ್ರೆ ಅದರ ಮೊಗ್ಗು ಸರಿಯಾಗಿ ಏಳಲ್ಲ, ನಮ್ಮೂರ ಚಳಿ ಸಾಲದು. "ಬೀಜನಾದ್ರೂ ತಗೊಂಡು ಬಾ" ಅಂದ ಅಮ್ಮ ತಾವೇ, "ಬೇಡ ಬಿಡು, ಕಸಿ ಗಿಡದ ಬೀಜದಲ್ಲಿ ಅದೇ ಮರ ಎಲ್ಲಿ ಬರುತ್ತೆ" ಅಂದ್ರು.

ಓನರ್ ಉಳಿಸ್ತಾರೋ, ಕಡಿದು ಸೈಕಲ್ ನಿಲ್ಲಿಸೋಕೆ ಜಾಗ ಮಾಡ್ತಾರೋ. ಮುಂದೆ ಬರೋ ಹುಡುಗರಿಗೆ ಫ್ರಿಡ್ಜ್ ಮೇಲೆ ಒಂದು ಚೀಟಿ ಅಂಟಿಸಿದ್ದೀನಿ: ಬೇಸಿಗೇಲಿ ವಾರಕ್ಕೆ ಎರಡು ಬಕೆಟ್ ನೀರು. ಊರುಗೋಲು ಕೀಳಬೇಡಿ. ಕಟ್ಟಿರೋ ಪಟ್ಟಿ ಬಿಗಿಯಾಗಿದೆಯಾ ಅಂತ ತಿಂಗಳಿಗೊಮ್ಮೆ ಬೆರಳು ಹಾಕಿ ನೋಡಿ.