ಸರಗೂರಿನ ಮರಳು

ಮಾರ್ಚ್ ತಿಂಗಳ ಬೆಳಿಗ್ಗೆ. ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆಯಲ್ಲಿ ಕಾವೇರಿ ಸಣ್ಣಗೆ ಹರಿಯುತ್ತಿದ್ದಾಳೆ. ಮಳೆಗಾಲದಲ್ಲಿ ದಡದಿಂದಲೇ ನೋಡಿ ಕೈಮುಗಿಯಬೇಕಾದ ಬಂಡೆಗಳ ಮೇಲೆ ಈಗ ನೀವು ಆರಾಮವಾಗಿ ಕಾಲಿಟ್ಟು ನಡೆಯುತ್ತಿದ್ದೀರಿ. ಹೆಗಲಿಗೆ ಚೀಲ, ಸೊಂಟದ ಪಟ್ಟಿಗೆ ಸುತ್ತಿಗೆ, ಕೊರಳಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಲೆನ್ಸು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ. ಸಂಶೋಧನೆಗೆ ಆರಿಸಿಕೊಂಡಿರುವುದು ಆದಿಕಾಲದ ಕಡಲ ತಗ್ಗುಗಳನ್ನು, ಮರಳು ಮತ್ತು ಕೆಸರು ನೂರಾರು ಅಡಿ ತುಂಬಿಕೊಂಡು ಕಲ್ಲಾದ ಬೇಸಿನ್‌ಗಳನ್ನು. ಹುಡುಕಬೇಕಾದ ಕಡಲು ಇರುವುದು ಇಲ್ಲಿಂದ ದಕ್ಷಿಣಕ್ಕೆ, ಸರಗೂರಿನ ಸುತ್ತ. ಆದರೂ ಮೊದಲು ಈ ನದಿಯ ಪಾತ್ರಕ್ಕೆ ಬರಬೇಕು. ನೀರು ತಿಕ್ಕಿ ತೊಳೆದಿಟ್ಟ ಇಂಥ ಬಂಡೆ ಹೊಲಗದ್ದೆಗಳಲ್ಲಿ ಸಿಗುವುದಿಲ್ಲ.

ಕೂತು ನೋಡಿ. ಬಿಳಿ, ಬೂದು, ಕಪ್ಪು ಪಟ್ಟೆಗಳು ಬಂಡೆಯುದ್ದಕ್ಕೂ ಹೊರಳಿಕೊಂಡು, ಮಡಿಚಿಕೊಂಡು ಸಾಗಿವೆ. ಇದು ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು. ಕರ್ನಾಟಕದ ಪಶ್ಚಿಮ ಭಾಗದಲ್ಲಿ ಇದರ ವಯಸ್ಸು ಸುಮಾರು 340 ಕೋಟಿಯಿಂದ 300 ಕೋಟಿ ವರ್ಷ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಬಹುಪಾಲು ಮನೆಗಳ ಪಾಯ ನಿಂತಿರುವುದು ಇದರ ಮೇಲೆಯೇ.

ಆ ಪಟ್ಟೆಗಳ ನಡುವೆ ಮೊಳದುದ್ದದ, ಕಡುಗಪ್ಪಾದ ಒಂದು ತುಂಡು ಕಂಡರೆ ಅಲ್ಲೇ ನಿಲ್ಲಿ. ಅದರ ಅಂಚಿನ ಮೇಲೆ ಬೆರಳಾಡಿಸಿ. ಸುತ್ತಲಿನ ಬಿಳಿ ನೈಸಿನ ಎಳೆಗಳು ಕಪ್ಪು ತುಂಡಿನ ಬಿರುಕಿನೊಳಗೆ ನುಗ್ಗಿವೆ. ನೈಸ್ ಆಗಬೇಕಿದ್ದ ಶಿಲಾಪಾಕ ಕುದಿಯುತ್ತ ಮೇಲೆದ್ದು ಬಂದಾಗ ಈ ಕಪ್ಪು ಕಲ್ಲು ಆಗಲೇ ಗಟ್ಟಿಯಾಗಿ ಕೂತಿತ್ತು. ಪಾಕ ಅದನ್ನು ಒಡೆದು, ತುಂಡುಗಳನ್ನು ನುಂಗಿಕೊಂಡಿತು. ಒಳಗೆ ಸಿಕ್ಕಿಕೊಂಡದ್ದು ಹಳೆಯದು, ಸುತ್ತುವರಿದದ್ದು ಹೊಸದು. ಇಷ್ಟೇ ನಿಯಮ. ಇವತ್ತಿನ ಕೆಲಸವೆಲ್ಲ ಈ ನಿಯಮವನ್ನು ನೆಚ್ಚಿಕೊಂಡಿದೆ, ಅದಕ್ಕೇ ಇದನ್ನು ಇಲ್ಲಿ ಕಣ್ಣಾರೆ ನೋಡಿಕೊಂಡು ಹೋಗುವುದು ಒಳ್ಳೆಯದು.

ಹುಣಸೂರಿನ ದಾರಿ ಬೇಗ ಸಾಗುತ್ತದೆ. ತಂಬಾಕಿನ ಕುಯ್ಲು ಮುಗಿದು ಹೊಲಗಳು ಬರಿದಾಗಿವೆ, ಬ್ಯಾರನ್‌ಗಳು ತಣ್ಣಗಿವೆ. ಪಿರಿಯಾಪಟ್ಟಣದ ಕಡೆಯ ಬೆಟ್ಟದಪುರದ ಬೆಟ್ಟವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಿದ್ದೀರಿ. ಲಕ್ಷ್ಮಣತೀರ್ಥ ದಾಟಿ, ಎಚ್.ಡಿ. ಕೋಟೆ ಮುಟ್ಟಿ, ಹ್ಯಾಂಡ್‌ಪೋಸ್ಟ್‌ನಲ್ಲಿ ಒಂದು ಟೀ ಕುಡಿದು ಸರಗೂರಿನ ರಸ್ತೆ ಹಿಡಿಯುತ್ತೀರಿ.

ಇಲ್ಲಿಂದ ಕಣ್ಣು ನೆಲದ ಮೇಲಿರಲಿ. ಇಷ್ಟು ಹೊತ್ತು ಕಾಣುತ್ತಿದ್ದ ಮರಳು ಬೆರೆತ ಕೆಮ್ಮಣ್ಣು ಒಂದು ಬದುವಿನಾಚೆ ಕಪ್ಪಾಗುತ್ತದೆ, ಜಿಗುಟಾಗುತ್ತದೆ, ಹತ್ತಿಯ ಒಣಗಿದ ಕಡ್ಡಿಗಳು ಕಾಣಿಸುತ್ತವೆ. ಇನ್ನಷ್ಟು ದೂರ ಹೋದರೆ ಮತ್ತೆ ಕೆಂಪು, ಆದರೆ ಈ ಕೆಂಪಿನಲ್ಲಿ ಕಾಗೆಬಂಗಾರದ ಹೊಳಪು. ಅಡಿಯ ಕಲ್ಲು ಬದಲಾದ ಹಾಗೆ ಮೇಲಿನ ಮಣ್ಣೂ ಬದಲಾಗುತ್ತಿದೆ. ಇಲ್ಲಿಯ ರೈತರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ನಕ್ಷೆ ಬಿಡಿಸುವ ಮೊದಲು ಅವರ ಜತೆ ಮಾತಾಡದೆ ಹೋಗುವುದು ದೊಡ್ಡ ನಷ್ಟ.

ಬೇಲಿಯ ಹತ್ತಿರ ಒಬ್ಬ ಯಜಮಾನರು ನಿಮ್ಮ ಕೈಯಲ್ಲಿರುವ ದಿಕ್ಸೂಚಿಯನ್ನೇ ನೋಡುತ್ತಿದ್ದಾರೆ.

“ಸರ್ವೆ ಇಲಾಖೇರಾ? ಹೊಲ ಅಳೆಯಕ್ ಬಂದ್ರಾ?”

“ಇಲ್ಲ ಯಜಮಾನ್ರೇ, ಕಲ್ಲು ನೋಡೋಕೆ.”

“ಕ್ವಾರಿ ಗೀರಿ ಅಂದ್ರೆ ನಾವು ಒಪ್ಪಕಿಲ್ಲ ಕಣ್ರೀ.”

ಕ್ವಾರಿಯಲ್ಲ, ಓದೋದಕ್ಕೆ ಅಂತ ನಿಧಾನವಾಗಿ ಹೇಳಿ. ಈ ಜಾಗ ಒಂದು ಕಾಲದಲ್ಲಿ ಕಡಲಾಗಿತ್ತು, ಆ ಕಡಲ ಮರಳನ್ನು ಹುಡುಕುತ್ತಿದ್ದೇನೆ ಅನ್ನಿ. ಅವರು ನಗುವುದಿಲ್ಲ. ಬದುವಿನ ಮೇಲೆ ಪೇರಿಸಿಟ್ಟ ಕಲ್ಲಿನ ರಾಶಿಯ ಕಡೆ ಕೈ ತೋರಿಸಿ, “ಉಳುವಾಗ ಸಿಕ್ಕಿದ್ದು. ನೀಲಿ ಕಡ್ಡಿ ಕಡ್ಡಿಯಾಗಿ ಇರ್ತವೆ, ನೋಡ್ಕಳಿ” ಅನ್ನುತ್ತಾರೆ.

ರಾಶಿಯಿಂದ ಅಂಗೈಯಗಲದ ಒಂದು ಕಲ್ಲನ್ನು ಎತ್ತಿಕೊಳ್ಳುತ್ತೀರಿ. ಮಿರುಗುವ ಕಾಗೆಬಂಗಾರದ ನಡುವೆ ನೀಲಿ ಛಾಯೆಯ ಚಪ್ಪಟೆ ಅಲಗುಗಳು, ಅಲ್ಲಲ್ಲಿ ಕೆಂಪು ಗಾರ್ನೆಟ್ ಗುಂಡುಗಳು. ನೀಲಿಯದು ಕಯನೈಟ್. ಜೇಬಿನ ಚಾಕು ತೆಗೆದು ಅಲಗಿನ ಉದ್ದಕ್ಕೆ ಗೀರಿ: ಗೆರೆ ಬೀಳುತ್ತದೆ. ಅದೇ ಅಲಗಿನ ಅಡ್ಡಕ್ಕೆ ಗೀರಿ: ಚಾಕು ಜಾರುತ್ತದೆ, ಗೆರೆಯಿಲ್ಲ. ಒಂದೇ ಹರಳು, ಒಂದು ದಿಕ್ಕಿನಲ್ಲಿ ಮೆದು, ಇನ್ನೊಂದರಲ್ಲಿ ಗಟ್ಟಿ. ಹೀಗೆ ಗುರುತು ಹಿಡಿದ ಕಯನೈಟನ್ನು ಮತ್ತೆ ಮರೆಯುವುದು ಸಾಧ್ಯವಿಲ್ಲ.

ಈ ನೀಲಿ ಹರಳು ಹೇಳುವ ಸಂಗತಿ ದೊಡ್ಡದು. ಕಯನೈಟ್ ಹುಟ್ಟಬೇಕಾದರೆ ಕಲ್ಲಿನಲ್ಲಿ ಅಲ್ಯುಮಿನಿಯಂ ಹೇರಳವಾಗಿರಬೇಕು, ಸುಣ್ಣ ಮತ್ತು ಸೋಡಿಯಂ ತೊಳೆದು ಹೋಗಿರಬೇಕು. ಹಾಗೆ ತೊಳೆದು ಉಳಿಯುವುದು ಜೇಡಿ. ಎಲ್ಲೋ ನೆಲವೊಂದು ನೀರಿನಿಂದ ಮೇಲೆದ್ದು ನಿಂತಿತ್ತು, ಮಳೆ ಅದನ್ನು ಕೊರೆಯಿತು, ಜೇಡಿ ಹರಿದು ಬಂದು ನಿಂತ ನೀರಿನ ತಳದಲ್ಲಿ ಕೂತಿತು. ಆಮೇಲೆ ಆ ಕೆಸರು ಭೂಮಿಯೊಳಗೆ ಹತ್ತಾರು ಕಿಲೋಮೀಟರ್ ಆಳಕ್ಕೆ ಇಳಿದು, ನೂರಾರು ಡಿಗ್ರಿ ಬಿಸಿಯಲ್ಲಿ ಬೆಂದು, ಕಯನೈಟ್ ಮತ್ತು ಗಾರ್ನೆಟ್ ತುಂಬಿದ ಶಿಸ್ಟ್ ಆಯಿತು. ಬದುವಿನ ಮೇಲಿನ ಈ ಕಲ್ಲು ಮೂಲತಃ ಕೆಸರು.

ಕೆಸರು ಸಿಕ್ಕಿತು, ಮರಳು ಬೇಕು. ಇಳಿಜಾರಿನಲ್ಲಿ ಲಂಟಾನ ಪೊದೆ ಸರಿಸಿಕೊಂಡು ಹತ್ತಿದರೆ ಬಿಳಿ ದಿಬ್ಬವೊಂದು ಏಳುತ್ತದೆ, ಸುತ್ತಲಿನ ಮೆತ್ತನೆ ಕಲ್ಲೆಲ್ಲ ಸವೆದು ಇದೊಂದು ಉಳಿದಿದೆ. ಕ್ವಾರ್ಟ್‌ಜೈಟ್. ಸುತ್ತಿಗೆ ಬಿದ್ದರೆ ಕಿಡಿ ಹಾರುತ್ತದೆ, ಕೈ ಜುಮ್ಮೆನ್ನುತ್ತದೆ. ಒಡೆದ ಮುಖವನ್ನು ಲೆನ್ಸಿನಡಿ ಹಿಡಿದರೆ ಬೆಣಚಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಮರಳಾಗಿದ್ದಾಗಿನ ಗುಂಡಗಿನ ಆಕಾರ ಬೇಯುವಾಗಲೇ ಕಳೆದುಹೋಗಿದೆ. ನಡುವೆ ಕಪ್ಪು ಖನಿಜದ ತೆಳು ಗೆರೆಗಳು. ಅಲೆಯು ಹಗುರ ಮರಳನ್ನು ಎಳೆದೊಯ್ದು ಭಾರದ ಕಣ ಉಳಿಸಿಹೋದ ಪದರಗಳೇ ಇವು? ಮನಸ್ಸು ಹೌದೆನ್ನುತ್ತದೆ. ನೋಟ್‌ಪುಸ್ತಕದಲ್ಲಿ ಮಾತ್ರ ಹಾಗೆ ಬರೆಯಬೇಡಿ. ಆಮೇಲಿನ ಒತ್ತಡವೂ ಇಂಥ ಗೆರೆ ಮೂಡಿಸಬಲ್ಲದು. ಗೆರೆಯ ದಿಕ್ಕು, ಅದು ಓರೆಯಾಗಿರುವ ಕೋನ, ಇವಷ್ಟನ್ನು ಬರೆದುಕೊಳ್ಳಿ, ಕತೆ ಆಮೇಲಿರಲಿ. ಸರಗೂರು ಗುಂಪು ಎಂದು ಕರೆಯುವ ಈ ಹಳೆಯ ಶಿಲೆಗಳ ಕ್ವಾರ್ಟ್‌ಜೈಟ್‌ಗಳಲ್ಲಿ ಹಲವೆಡೆ ಹಸಿರು ಬಣ್ಣದ, ಕ್ರೋಮಿಯಂ ಸೇರಿದ ಕಾಗೆಬಂಗಾರ ಸಿಗುತ್ತದೆ. ಅದರ ಹೆಸರು ಫುಕ್ಸೈಟ್. ಆ ಕ್ರೋಮಿಯಂ ಮರಳಿನ ಜತೆಗೇ ಬಂತೋ, ಆಮೇಲೆ ಒಳಹೊಕ್ಕಿತೋ ಎಂಬ ಬಗ್ಗೆ ಭೂವಿಜ್ಞಾನಿಗಳು ಇನ್ನೂ ವಾದಿಸುತ್ತಾರೆ.

ಇನ್ನೊಂದು ಸಾಲು ದಾಟುವಾಗ ದಿಕ್ಸೂಚಿಯ ಮುಳ್ಳು ಹುಚ್ಚುಹುಚ್ಚಾಗಿ ತಿರುಗುತ್ತದೆ. ಉಪಕರಣ ಕೆಟ್ಟಿಲ್ಲ. ಕಾಲ ಕೆಳಗೆ ಕಬ್ಬಿಣದ ಪಟ್ಟೆಶಿಲೆ ಇದೆ, ಅದರಲ್ಲಿರುವ ಮ್ಯಾಗ್ನಟೈಟ್ ಮುಳ್ಳನ್ನು ಎಳೆಯುತ್ತಿದೆ. ಇಲ್ಲಿ ಜಿ.ಪಿ.ಎಸ್. ಮತ್ತು ಸೂರ್ಯ ಇಬ್ಬರೇ ಗತಿ. ಗಾಳಿಯಲ್ಲಿ ಆಮ್ಲಜನಕ ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಹಿಂದಿನ ಕಡಲಿನಲ್ಲಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು, ಪದರು ಪದರಾಗಿ ತಳಕ್ಕೆ ಇಳಿಯುತ್ತಿತ್ತು. ಅದರಾಚೆ ಅಮೃತಶಿಲೆಯ ಕಿರಿದಾದ ಪಟ್ಟಿ. ಆಸಿಡ್ ಬಾಟಲಿಯಿಂದ ಒಂದು ಹನಿ ಬಿಟ್ಟರೆ ಸುಮ್ಮನಿರುತ್ತದೆ, ಚಾಕುವಿನಿಂದ ಕೆರೆದು ಪುಡಿಯ ಮೇಲೆ ಬಿಟ್ಟರೆ ಸಣ್ಣಗೆ ನೊರೆಯುತ್ತದೆ. ಡಾಲಮೈಟ್ ಇರುವ ಲಕ್ಷಣ. ಮರಳು, ಕೆಸರು, ಕಬ್ಬಿಣ, ಸುಣ್ಣ. ಕಡಲೊಂದರ ಅಡಿಯಲ್ಲಿ ಇರಬೇಕಾದ್ದೆಲ್ಲ ನಾಲ್ಕಾರು ಹೊಲಗಳ ಅಂತರದಲ್ಲಿ ಚೆಲ್ಲಿದೆ.

ಚೆಲ್ಲಿದೆ, ಅದೇ ತೊಡಕು. ಬಾದಾಮಿಯಲ್ಲಿ ಮರಳುಗಲ್ಲು ಪದರದ ಮೇಲೆ ಪದರವಾಗಿ ಅಚ್ಚುಕಟ್ಟಾಗಿ ಕೂತಿರುವ ಹಾಗೆ ಇಲ್ಲಿಲ್ಲ. ಪ್ರತಿ ತುಂಡೂ ನೈಸಿನ ಮಧ್ಯೆ ಸಿಕ್ಕಿಕೊಂಡಿದೆ, ಚುಂಚನಕಟ್ಟೆಯ ಕಪ್ಪು ಕಲ್ಲಿನ ಹಾಗೆಯೇ. ಸ್ಮೀತ್ ಅವರ ಕಾಲದಲ್ಲಿ ಕರ್ನಾಟಕದ ಶಿಸ್ಟ್ ಪಟ್ಟಿಗಳೆಲ್ಲ ಧಾರವಾಡದ ಒಂದೇ ಕುಲ, ಎಲ್ಲವೂ ನೈಸಿಗಿಂತ ಹಳೆಯವು ಎಂಬ ನಂಬಿಕೆಯಿತ್ತು. ಆದರೆ ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ ಬೆಣಚಿನ ಉಂಡೆಗಲ್ಲುಗಳ ಪದರವೊಂದು ನೈಸಿನ ಮೇಲೆ ಕೂತಿದೆ, ಅದರ ಮೇಲೆ ಧಾರವಾಡದ ಕುಲಕ್ಕೇ ಸೇರಿದ ಬಾಬಾಬುಡನ್ ಶಿಲೆಗಳು ಏಳುತ್ತವೆ. ಅಲ್ಲಿ ನೈಸ್ ತಳಹದಿ. ಸರಗೂರಿನಲ್ಲಿ ನೈಸ್ ನುಗ್ಗಿ ಬಂದದ್ದು. ಎರಡೂ ಒಂದೇ ಕಾಲದ ಕಡಲಾಗಿರುವುದು ಹೇಗೆ ಸಾಧ್ಯ? 1976ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಎಂ.ಎನ್. ವಿಶ್ವನಾಥ ಅವರು ಹಳೆಯದನ್ನು ಬೇರ್ಪಡಿಸಿ ಸರಗೂರು ಗುಂಪು ಎಂದು ಹೆಸರಿಟ್ಟರು. 1978ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಎ.ಎಸ್. ಜನಾರ್ದನ್, ಸಿ. ಶ್ರೀಕಂಠಪ್ಪ ಮತ್ತು ಎಚ್.ಎಂ. ರಾಮಚಂದ್ರ ಸರಗೂರಿನ ಶಿಸ್ಟ್ ಸಂಕೀರ್ಣದ ಬಗ್ಗೆ ಬರೆದ ಲೇಖನ ಹೊರದೇಶದ ಸಂಪುಟದಲ್ಲಿ ಬಂತು. ವಾದ ಅಷ್ಟಕ್ಕೇ ಮುಗಿಯಲಿಲ್ಲ, ಒಪ್ಪದವರು ದಶಕಗಳ ಕಾಲ ಒಪ್ಪಲಿಲ್ಲ. ಅಂಥ ಜಗಳದಿಂದ ವಿಜ್ಞಾನಕ್ಕೆ ಒಳ್ಳೆಯದೇ ಆಯಿತು. ಒಬ್ಬರು ತೋರಿಸಿದ ಬಂಡೆಯನ್ನು ಇನ್ನೊಬ್ಬರು ಹುಡುಕಿಕೊಂಡು ಬಂದು, ಮೊಣಕಾಲೂರಿ ಮತ್ತೆ ನೋಡಿದರು.

ನಿಮ್ಮ ಪ್ರಶ್ನೆ ಅದರ ಮುಂದಿನದು. ಈ ಕಡಲಿನ ತಳ ಅಷ್ಟು ಆಳಕ್ಕೆ ಇಳಿದದ್ದು ಹೇಗೆ? ಇಂದಿನ ಹಿಮಾಲಯದ ಹಾಗೆ ಭೂಫಲಕಗಳು ಅಡ್ಡಡ್ಡ ಬಂದು ಡಿಕ್ಕಿ ಹೊಡೆದವೇ? ಅಥವಾ ಬಿಸಿ ಭೂಮಿಯ ಆ ಕಾಲದಲ್ಲಿ ಹಗುರವಾದ ನೈಸ್ ಗುಮ್ಮಟದಂತೆ ಮೇಲೇಳುತ್ತ, ಭಾರದ ಕಲ್ಲುಗಳು ಅದರ ಪಕ್ಕದಲ್ಲಿ ನೆಟ್ಟಗೆ ಕೆಳಗೆ ಮುಳುಗಿದವೇ? 1990ರ ದಶಕದಲ್ಲಿ ಫ್ರಾನ್ಸಿನ ಸಂಶೋಧಕರು ಹೊಳೆನರಸೀಪುರದ ಸುತ್ತ ಕೆಲಸ ಮಾಡಿ ಎರಡನೆಯದರ ಪರವಾಗಿ ಬರೆದರು. ಯಾವುದು ಸರಿ ಎಂಬ ಸುಳಿವು ಪದರುಗಳ ಓರೆಯಲ್ಲಿದೆ. ಅದಕ್ಕೇ ಬೆಳಿಗ್ಗೆಯಿಂದ ಪ್ರತಿ ಬಂಡೆಯ ಓರೆಯನ್ನೂ ಬರೆದುಕೊಳ್ಳುತ್ತಿದ್ದೀರಿ. ಒಂದೆರಡು ಅಳತೆಯಿಂದ ಏನೂ ತಿಳಿಯದು. ನೂರಾರು ಬೇಕು, ನಕ್ಷೆಯ ಮೇಲೆ ಕೂರಿಸಿ ನೋಡಬೇಕು.

ವಯಸ್ಸಿನ ಪ್ರಶ್ನೆಗೆ ಉತ್ತರ ಮರಳಿನೊಳಗೇ ಇದೆ. ಬೆಣಚಿನ ಜತೆ ಜಿರ್ಕಾನ್ ಎಂಬ ಕಣಗಳು ಬಂದಿರುತ್ತವೆ, ಬಹಳಷ್ಟು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಹುಟ್ಟುವಾಗ ಜಿರ್ಕಾನ್ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಿಡುತ್ತದೆ. ಆಮೇಲೆ ಒಳಗೆ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಆದದ್ದು, ಅದರ ಪ್ರಮಾಣ ಅಳೆದರೆ ವಯಸ್ಸು. ಪಶ್ಚಿಮ ಕರ್ನಾಟಕದ ಸರಗೂರು ಶಿಲೆಗಳ ಜಿರ್ಕಾನ್‌ಗಳನ್ನು ಹೀಗೆ ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹಳೆಯ ಕಣಗಳು ಸುಮಾರು 358 ಕೋಟಿ ವರ್ಷದವು. ಆ ಕಣ ಹುಟ್ಟಿದ ನೆಲ ಈಗ ಎಲ್ಲೂ ಕಾಣುವುದಿಲ್ಲ, ಉಳಿದಿರುವುದು ಅದರ ಮರಳು ಮಾತ್ರ.

ಬಿಸಿಲು ಇಳಿಯುವ ಮುನ್ನ ದಿಬ್ಬದ ಅಂಚಿನಲ್ಲಿ ಬೇಕಾದ ಜಾಗ ಸಿಗುತ್ತದೆ: ಕ್ವಾರ್ಟ್‌ಜೈಟ್ ಪದರುಗಳನ್ನು ಅಡ್ಡ ಸೀಳಿಕೊಂಡು ಹೋಗಿರುವ, ಗೇಣಗಲದ ನೈಸ್ ಎಳೆ. ಎರಡರಿಂದಲೂ ತೆಗೆದುಕೊಳ್ಳಬೇಕು. ಮರಳಿನಲ್ಲಿರುವ ಅತಿ ಕಿರಿಯ ಜಿರ್ಕಾನ್‌ಗಿಂತ ಈ ಮರಳು ಕೂತ ಕಾಲ ಹಿಂದಿನದಾಗಲಾರದು, ಸೀಳಿಹೋದ ಎಳೆಯ ವಯಸ್ಸಿಗಿಂತ ಈಚಿನದೂ ಆಗಲಾರದು. ಎರಡು ಸಂಖ್ಯೆ, ನಡುವೆ ಒಂದು ಕಡಲು.

ಸುತ್ತಿಗೆ ಎತ್ತುವ ಮುನ್ನ ಒಂದು ಮಾತು. ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಜಗತ್ತಿನ ಭೂವಿಜ್ಞಾನ ಪುಸ್ತಕಗಳಲ್ಲಿ ಹೆಸರಿರುವ ಸರಗೂರಿಗೆ ಅಂಥ ಒಂದು ಫಲಕವೂ ಇಲ್ಲ. ಒಂದು ಒಳ್ಳೆಯ ಬಂಡೆಯನ್ನಾದರೂ ಆರಿಸಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಒಡೆಯದಂತೆ ಉಳಿಸಿಕೊಳ್ಳಬೇಕು. ಸರಗೂರು ಶಾಲೆಯ ಮಕ್ಕಳು ನಡೆದು ಬಂದು ನೋಡುವಷ್ಟು ಹತ್ತಿರದಲ್ಲಿರಬೇಕು.

ಸುತ್ತಿಗೆಯ ಏಟಿಗೆ ಎಳೆ ಸಲೀಸಾಗಿ ಬಿಡುತ್ತದೆ. ಕ್ವಾರ್ಟ್‌ಜೈಟ್ ಹಟ ಮಾಡುತ್ತದೆ, ಯಜಮಾನರು ಹಾರೆ ತಂದುಕೊಟ್ಟ ಮೇಲೆ ಬರುತ್ತದೆ. ಎರಡು ಬಟ್ಟೆಯ ಚೀಲ, ಎರಡು ಸಂಖ್ಯೆ, ಪ್ರತಿ ಕಲ್ಲಿನ ಮೇಲೂ ಮಾರ್ಕರ್‌ನಿಂದ ಉತ್ತರ ದಿಕ್ಕಿನ ಬಾಣ. ಮೈಸೂರಿನಲ್ಲಿ ಇವನ್ನು ಪುಡಿಮಾಡಿ, ತೊಳೆದು, ಅಯಸ್ಕಾಂತದಲ್ಲಿ ಬೇರ್ಪಡಿಸಿ, ಸೂಕ್ಷ್ಮದರ್ಶಕದಡಿ ಜಿರ್ಕಾನನ್ನು ಒಂದೊಂದಾಗಿ ಆರಿಸಬೇಕು. ಈ ಸಾಲು ದಕ್ಷಿಣಕ್ಕೆ ಕಾಡಿನೊಳಗೂ ಹೋಗಿದೆ. ಅಲ್ಲಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿಯನ್ನು ನಾಳೆಯೇ ಕೊಡಬೇಕು.