ಅಡ್ಡಕೋಲು

ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, ಹೊಸೂರು ಕಡೆಯ ನಮ್ಮ ಕನ್ನಡ ಪಾಠಶಾಲೆಯಲ್ಲಿ ಒಬ್ಬ ಬಾಲಕನಿದ್ದನು. ಹುಟ್ಟಿದಂದಿನಿಂದ ಅವನ ಎಡಗಾಲು ಸಣಕಲಾಗಿ ಒಳಕ್ಕೆ ತಿರುಗಿಕೊಂಡಿತ್ತು. ಸಂಕ್ರಾಂತಿ ಕಳೆದ ಮೇಲೆ ನಡೆಯುವ ಕ್ರೀಡಾಕೂಟದ ದಿನ ನಾವು ಅವನನ್ನು ಹೊಂಗೆಮರದ ನೆರಳಿನಲ್ಲಿ ಕುಳ್ಳಿರಿಸಿ, ಅಂಕಪುಸ್ತಕವನ್ನೂ ಪೆನ್ಸಿಲನ್ನೂ ಕೈಗೆ ಕೊಡುತ್ತಿದ್ದೆವು. ಯಾರು ಎಷ್ಟು ದೂರ, ಎಷ್ಟು ಎತ್ತರ ಹಾರಿದರೆಂಬುದನ್ನು ಅವನು ದುಂಡಾದ ಅಕ್ಷರಗಳಲ್ಲಿ ಬರೆದಿಡುತ್ತಿದ್ದನು. ಮಗುವನ್ನು ದೂರವಿಡದೆ ಒಂದು ಗೌರವದ ಕೆಲಸ ಕೊಟ್ಟೆವೆಂಬ ಸಮಾಧಾನ ನಮ್ಮದು. ತರಬೇತಿಯ ಕಾಲದಲ್ಲಿ ಸುಣ್ಣ ಚೆಲ್ಲಿ ಮೈದಾನಕ್ಕೆ ಗೆರೆ ಹಾಕುವುದನ್ನು ಚೆನ್ನಾಗಿಯೇ ಕಲಿತಿದ್ದೆವು. ಆ ಗೆರೆಯ ಹೊರಗೆ ಕುಳಿತವನ ವಿಚಾರ ನಮ್ಮ ತಲೆಗೆ ಹೊಳೆದಿರಲಿಲ್ಲ.

2016ರ ಸೆಪ್ಟೆಂಬರ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೊ ನಗರದಿಂದ ಸುದ್ದಿ ಬಂದಿತು. ಅಂಗವಿಕಲರ ಒಲಿಂಪಿಕ್ಸ್ ಎನಿಸಿದ ಪ್ಯಾರಾಲಿಂಪಿಕ್ಸ್ ಪಂದ್ಯಗಳಲ್ಲಿ, ಕಾಲಿನ ಊನವುಳ್ಳವರ ಎತ್ತರ ಜಿಗಿತದಲ್ಲಿ, ಮಾರಿಯಪ್ಪನ್ ತಂಗವೇಲು ಎಂಬ ತರುಣನು 1.89 ಮೀಟರ್ ಹಾರಿ ಚಿನ್ನದ ಪದಕ ಗೆದ್ದಿದ್ದನು. ಅದೇ ಸ್ಪರ್ಧೆಯಲ್ಲಿ ಭಾರತದವರೇ ಆದ ವರುಣ್ ಸಿಂಗ್ ಭಾಟಿಯವರಿಗೆ ಕಂಚು. ಮಾರಿಯಪ್ಪನ್ ಅವರ ಊರು ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿ. ಸೇಲಮ್ಮೆಂದರೆ ನಮಗೆ ಪರದೇಶವಲ್ಲ. ಅಲ್ಲಿಂದ ಬೆಂಗಳೂರಿಗೆ ಹೋಗುವ ಒಂದು ರೈಲುದಾರಿ ನಮ್ಮ ಹೊಸೂರಿನ ಮೇಲೆಯೇ ಹಾದುಹೋಗುತ್ತದೆ.

ಐದು ವರ್ಷದ ಮಗುವಾಗಿದ್ದಾಗ, ಶಾಲೆಗೆ ನಡೆದು ಹೋಗುತ್ತಿದ್ದ ಅವರ ಮೇಲೆ ಬಸ್ಸೊಂದು ಹರಿದು, ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ಕಾಲು ಉಳಿಯಿತು, ಬೆಳೆಯಲಿಲ್ಲ. ತಾಯಿ ಇಟ್ಟಿಗೆ ಹೊತ್ತವರು, ತರಕಾರಿ ಮಾರಿದವರು. ಮಗನ ಚಿಕಿತ್ಸೆಗೆಂದು ಮಾಡಿದ 3 ಲಕ್ಷ ರೂಪಾಯಿಯ ಸಾಲ, ಅವನು ಪದಕ ಗೆಲ್ಲುವ ಕಾಲಕ್ಕೂ ತೀರಿರಲಿಲ್ಲವಂತೆ. ಬಾಲಕನಿಗೆ ವಾಲಿಬಾಲ್ ಎಂದರೆ ಪ್ರೀತಿ. ಅವನ ನೆಗೆತವನ್ನು ಕಂಡು, ಎತ್ತರ ಜಿಗಿತಕ್ಕೆ ಬಾ ಎಂದು ಕರೆದವರು ಅವನ ಶಾಲೆಯ ವ್ಯಾಯಾಮ ಶಿಕ್ಷಕರು. 14ನೆಯ ವಯಸ್ಸಿನಲ್ಲಿ, ಎರಡು ಕಾಲೂ ನೆಟ್ಟಗಿದ್ದ ಹುಡುಗರೊಡನೆ ಹಾರಿ, ಅವನು ಎರಡನೆಯವನಾಗಿ ಬಂದನು. ಮುಂದೆ ಬೆಂಗಳೂರಿನ ತರಬೇತುದಾರ ಸತ್ಯನಾರಾಯಣ ಅವರ ಕಣ್ಣಿಗೆ ಬಿದ್ದು ಅಲ್ಲಿ ಅಭ್ಯಾಸಕ್ಕೆ ನಿಂತದ್ದು, ರಿಯೊದ ನಂತರ 2021ರಲ್ಲಿ ಟೋಕಿಯೊದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದದ್ದು, ಇವೆಲ್ಲ ಪತ್ರಿಕೆಗಳಲ್ಲಿ ವಿವರವಾಗಿ ಬಂದಿವೆ. ತಾವು ಓದಿದ ಸರ್ಕಾರಿ ಶಾಲೆಗೆ ಬಹುಮಾನದ ಹಣದಿಂದ 30 ಲಕ್ಷ ರೂಪಾಯಿ ಕೊಟ್ಟರೆಂದು ಓದಿದಾಗ ಮಾತ್ರ ನಾವು ಪತ್ರಿಕೆಯನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಶಾಲೆಯ ಋಣವನ್ನು ಅಷ್ಟು ದೊಡ್ಡದೆಂದು ಬಗೆಯುವವರು ವಿರಳ.

ಸುದ್ದಿ ಬಂದ ಮರುದಿನ ಐದನೆಯ ತರಗತಿಯಲ್ಲಿ ಇದನ್ನು ಹೇಳಿದೆವು. 1.89 ಮೀಟರ್ ಎಂದರೆ ಮಕ್ಕಳಿಗೆ ತಿಳಿಯದು. ಅಳತೆಪಟ್ಟಿ ಹಿಡಿದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಆರು ಅಡಿ ಎರಡು ಅಂಗುಲಕ್ಕೂ ತುಸು ಹೆಚ್ಚು. ಗೆರೆಯನ್ನು ನೇರಮಾಡಲು ನಾವೇ ಕುರ್ಚಿ ಹತ್ತಬೇಕಾಯಿತು. ಮಕ್ಕಳು ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಎಷ್ಟು ಗೋಡೆ ಉಳಿಯಿತೆಂದು ನೋಡಿ ನಕ್ಕರು. ನಮ್ಮ ಬಾಲಕನು ನಗಲಿಲ್ಲ. ಬಹಳ ಹೊತ್ತು ಗೆರೆಯನ್ನೇ ನೋಡಿ ಕೇಳಿದನು:

“ಸಾರ್, ಅವರ ಸ್ಕೂಲಲ್ಲಿ ಅವರನ್ನ ಹಾರೋಕೆ ಬಿಟ್ರಾ?”

“ಬಿಟ್ಟರಪ್ಪ” ಎಂದೆವು. ಬೇರೆ ಮಾತು ಬರಲಿಲ್ಲ. ಎರಡು ವರ್ಷ ಅವನ ಕೈಗೆ ಪೆನ್ಸಿಲ್ ಕೊಟ್ಟಿದ್ದವರು ನಾವೇ.

ಆ ಸಾಲಿನ ಕ್ರೀಡಾಕೂಟಕ್ಕೆ ಅವನ ಹೆಸರನ್ನು ಸೇರಿಸಿದಾಗ, ಬಿದ್ದು ಇನ್ನೊಂದು ಕಾಲೂ ಪೆಟ್ಟಾದರೆ ಹೊಣೆ ಯಾರೆಂದು ಮುಖ್ಯೋಪಾಧ್ಯಾಯರು ಕೇಳಿದರು. ಕೇಳಿದ್ದು ತಪ್ಪಲ್ಲ, ರಾತ್ರಿ ನಮಗೂ ಅದೇ ಭಯವಿತ್ತು. ಮನೆಯವರ ಒಪ್ಪಿಗೆ ಪಡೆಯೋಣವೆಂದು ಅವನ ತಾಯಿಯನ್ನು ಕಾಣಲು ಹೋದೆವು. ಆಕೆ ರಾಗಿ ಕೇರುತ್ತಿದ್ದವರು ಮೊರವನ್ನು ಕೆಳಗಿಟ್ಟು, “ಅದ್ಕೇನು ಸಾರ್, ಹೊಲಕ್ಕೆ ಬರೋವಾಗ ದಿನಾ ಕಾಲುವೆ ಹಾರ್ಕೊಂಡೇ ಬರ್ತಾನೆ. ನಿಮ್ಗೆ ಗೊತ್ತಿರಲಿಲ್ವಾ?” ಎಂದರು.

ನಮಗೆ ಗೊತ್ತಿರಲಿಲ್ಲ. ಅವನ ಅಕ್ಷರ ದುಂಡಗಿದೆಯೆಂಬುದಷ್ಟೇ ಗೊತ್ತಿತ್ತು.

ಮರಳನ್ನು ಎಂದಿಗಿಂತ ಎರಡು ಗಾಡಿ ಹೆಚ್ಚಾಗಿ ಹಾಕಿಸಿದೆವು. ಎರಡು ಗಳುಗಳಿಗೆ ಮೊಳೆ ಹೊಡೆದು, ಅವುಗಳ ಮೇಲೆ ತೆಳ್ಳನೆಯ ಬಿದಿರುಕೋಲನ್ನಿಟ್ಟದ್ದೇ ನಮ್ಮ ಅಡ್ಡಕೋಲು. ಬಾಲಕನು ಎಲ್ಲರಂತೆ ನೇರವಾಗಿ ಓಡಿಬರಲಿಲ್ಲ. ಓರೆಯಾಗಿ ನಾಲ್ಕು ಹೆಜ್ಜೆ ಕುಪ್ಪಳಿಸಿ ಬಂದು, ಬಲಗಾಲನ್ನು ಊರಿ ಎದ್ದನು. 70 ಸೆಂಟಿಮೀಟರ್ ಮೊದಲ ಯತ್ನದಲ್ಲಿಯೇ ದಾಟಿತು. 75 ಮೂರನೆಯ ಯತ್ನಕ್ಕೆ. 80ರಲ್ಲಿ ಮೂರು ಬಾರಿಯೂ ಕೋಲು ಬಿದ್ದಿತು. ಮೂರನೆಯ ಬಾರಿ ಕೋಲಿನೊಡನೆ ತಾನೂ ಬಿದ್ದು, ಬಾಯಿಗೆ ಹೊಕ್ಕ ಮರಳನ್ನು ಉಗುಳುತ್ತ ಎದ್ದನು. ಒಂಬತ್ತು ಮಂದಿಯಲ್ಲಿ ಎಂಟನೆಯವನಾದನು. ಒಂಬತ್ತನೆಯವನಿಗೆ ಬಹಳ ಅವಮಾನವಾಗಿ ಅವನು ಸಂಜೆಯವರೆಗೂ ಯಾರೊಡನೆಯೂ ಮಾತನಾಡಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಅಂದು ಅಂಕಪುಸ್ತಕ ನಮ್ಮ ತೊಡೆಯ ಮೇಲಿತ್ತು. ಅವನು ಕುಂಟುತ್ತ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿ, “ಸಾರ್, ಎಪ್ಪತ್ತೈದರ ಮುಂದೆ ಸೆಂಟಿಮೀಟರ್ ಅಂತ ಬರೀಬೇಕು” ಎಂದನು. ಬರೆದೆವು.