ಲಾಳಿಯ ಸದ್ದು, ಅಪ್ಪನ ಕಿವಿ

ದೊಡ್ಡಬಳ್ಳಾಪುರ, 5 ಮಾರ್ಚ್ 2024

ಸಂಜೆ ಕರೆಂಟು ಹೋಯಿತು. ನಮ್ಮ ಮಗ್ಗ, ಪಕ್ಕದ ಮನೆಯವರ ಮಗ್ಗ, ಇಡೀ ಬೀದಿಯ ಮಗ್ಗಗಳು ಒಟ್ಟಿಗೇ ನಿಂತವು. ನನಗೆ ಹಾಯೆನಿಸಿತು. ಅಪ್ಪ ಮಾತ್ರ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿಕೊಂಡು ಜಗಲಿಯಲ್ಲಿ ಕೂತರು. "ಮಗ್ಗ ನಿಂತ್ರೇ ಕಷ್ಟ ಕಣೋ. ಒಳಗಿಂದ ಕುಯ್ಯ್ ಅಂತ ಶುರುವಾಗುತ್ತೆ" ಅಂದರು. ವರ್ಷಗಳಿಂದ ಇದೆಯಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೇಯೋರಿಗೆಲ್ಲ ಇರೋದೇ ಅಲ್ವಾ?" ಎಂದರು.

ಆ ಮಾತಿಗೆ ನಿದ್ದೆ ಹತ್ತುತ್ತಿಲ್ಲ. ಲಾಳಿ ಚಿಮ್ಮಿ ಕೈಗೆ ಬಡಿದರೆ ಆಸ್ಪತ್ರೆಗೆ ಓಡುತ್ತೇವೆ. ಅದೇ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಈ ಬದಿಯಿಂದ ಆ ಬದಿಗೆ ಬಡಿಯುತ್ತದಲ್ಲ, ಅದರಿಂದ ಕಿವಿಗೆ ಆಗುವುದೂ ಗಾಯವೇ.

11 ಮಾರ್ಚ್

ಬೆಂಗಳೂರಿನಲ್ಲಿ ಅಪ್ಪನ ಕಿವಿ ಪರೀಕ್ಷೆ ಆಯಿತು. ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಾನು ಗಾಜಿನಾಚೆಯಿಂದ ನೋಡುತ್ತಿದ್ದೆ. ಯಂತ್ರದಲ್ಲಿ ದೀಪ ಹೊತ್ತಿ ಆರುತ್ತಿತ್ತು, ಅಪ್ಪನ ಹೆಬ್ಬೆರಳು ಅಲುಗುತ್ತಿರಲಿಲ್ಲ.

ಚೀಟಿಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಎರಡು ಗೆರೆಗಳೂ 4,000 ಹರ್ಟ್ಸ್ ಹತ್ತಿರ ಧುಮುಕಿ, 8,000ದ ಬಳಿ ಮತ್ತೆ ಕೊಂಚ ಮೇಲೇರಿವೆ. ಬರೀ ವಯಸ್ಸಿನ ಕಿವುಡಾದರೆ ಗೆರೆ ಇಳಿಯುತ್ತಲೇ ಹೋಗುತ್ತದೆ, ಹೀಗೆ ಹಳ್ಳ ಬಿದ್ದು ಏಳುವುದು ಸದ್ದಿನ ಪೆಟ್ಟಿನ ಗುರುತು ಎಂದರು ಆಡಿಯಾಲಜಿಸ್ಟ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹೆಣ್ಣುಮಗಳು. ಒಳಗಿವಿಯಲ್ಲಿ ಸುಮಾರು 16,000 ಕೂದಲುಕೋಶಗಳು ಹುಟ್ಟುವಾಗಲೇ ಇರುತ್ತವಂತೆ, ಸತ್ತವು ಮತ್ತೆ ಹುಟ್ಟುವುದಿಲ್ಲವಂತೆ. ಅಲ್ಲಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆ ಮೊರೆತವೇ ಅಪ್ಪನಿಗೆ ಕೇಳಿಸುವುದು ಎಂದು ವಿವರಿಸಿದರು. ಇದನ್ನು ಗುಣಮಾಡುವ ಮಾತ್ರೆ ಇಲ್ಲ. ಶ್ರವಣಸಾಧನ ಹಾಕಿದರೆ ಹೊರಗಿನ ಮಾತು ಕೇಳಿಸಿ ಮೊರೆತ ಹಿಂದೆ ಸರಿಯಬಹುದು; ರಾತ್ರಿ ಫ್ಯಾನಿನ ಮೆಲುಸದ್ದೂ ಒಳ್ಳೆಯದೇ. ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಅದೇ ದಿನ ಬನ್ನಿ ಎಂದು ಒತ್ತಿ ಹೇಳಿದರು.

14 ಮಾರ್ಚ್

ಮಗ್ಗದ ಪಕ್ಕ ಫೋನಿನ ಆ್ಯಪ್ ಹಿಡಿದೆ. ಪಕ್ಕಾ ಲೆಕ್ಕವಲ್ಲ, ಆದರೂ 94 ಡೆಸಿಬಲ್ ಆಸುಪಾಸಿನಲ್ಲೇ ಆಡುತ್ತಿತ್ತು. 85ರಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ, ಇರಬಹುದಾದ ಹೊತ್ತು ಅರ್ಧ. 94ಕ್ಕೆ ಒಂದೇ ಗಂಟೆ. ಅಪ್ಪ ದಿನಕ್ಕೆ ಹತ್ತು ಹನ್ನೆರಡು ಗಂಟೆ ನೇಯ್ದು ನಮ್ಮನ್ನು ಸಾಕಿದರು.

1948ರ ಕಾರ್ಖಾನೆ ಕಾಯ್ದೆಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸದ್ದಿನಿಂದಾದ ಕಿವುಡೂ ಇತ್ತು. ಆದರೆ ಆ ಕಾಯ್ದೆಯಲ್ಲಿ, ಕರೆಂಟು ಬಳಸುವ ಕಡೆ ಹತ್ತು ಕೆಲಸಗಾರರಾದರೂ ಇದ್ದರೇ ಅದು ಕಾರ್ಖಾನೆ ಎನಿಸುತ್ತಿತ್ತು. ನಾಲ್ಕು ಮಗ್ಗ, ಮೂರು ಜನದ ನಮ್ಮಂಥ ಮನೆಗಳ ಬಾಗಿಲಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಇದು ಅನ್ಯಾಯ.

9 ಏಪ್ರಿಲ್, ಯುಗಾದಿ

ಮಗ್ಗಕ್ಕೆ ರಜೆ. ತಮ್ಮನಿಗೆ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಲು ಕಲಿಸಿದೆ. ಬೆರಳಲ್ಲಿ ಊದುಬತ್ತಿಯಷ್ಟು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬೀದಿಯಲ್ಲಿ ಹಲವರು ಹತ್ತಿಯನ್ನೋ ನೂಲಿನ ಚೂರನ್ನೋ ಉಂಡೆ ಮಾಡಿ ತುರುಕುತ್ತಾರೆ. ಅದು ತಡೆಯುವುದು ತೀರಾ ಅಲ್ಪ. ನೂಲು ಕಡಿದರೆ ಗೊತ್ತಾಗಲ್ಲ ಎಂದು ತಮ್ಮ ಗೊಣಗಿದ. ಕಡಿದದ್ದು ಕಣ್ಣಿಗೆ ಕಾಣುತ್ತದಲ್ಲ ಎಂದರು ಅಪ್ಪ. ಮಗುವಿನ ತೊಟ್ಟಿಲನ್ನೂ ಮಗ್ಗದ ಗೋಡೆಯ ಬದಿಯಿಂದ ಹಿಂದಿನ ಕೋಣೆಗೆ ಸಾಗಿಸಿದೆವು.

ಮುಂದಿನ ನೇಕಾರರ ಸಭೆಯಲ್ಲಿ ಸಾಲ, ಸಬ್ಸಿಡಿ, ಕರೆಂಟಿನ ದರದ ಜೊತೆಗೆ ಕಿವಿಯ ವಿಷಯವನ್ನೂ ಎತ್ತುತ್ತೇನೆ. ವರ್ಷಕ್ಕೊಮ್ಮೆ ಬೀದಿಗೇ ಬಂದು ಕಿವಿ ಪರೀಕ್ಷೆ ಮಾಡಬೇಕು. ಮಗ್ಗ ಹಿಡಿಯುವ ಪ್ರತಿ ಹುಡುಗ ಹುಡುಗಿಗೂ ಮೊದಲ ದಿನವೇ ಪ್ಲಗ್ ಸಿಗಬೇಕು.